ಮೊದಲು ಮದುವೆ, ಆಮೇಲೆ ಮನಸ್ಸು

1826ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಕುದುರೆಗಾಡಿಯೊಂದು ಬಂತು. ಎಲೆನ್ ಟರ್ನರ್ ಎಂಬ ಹದಿನೈದರ ಹುಡುಗಿಯ ತಾಯಿಗೆ ಕಾಯಿಲೆ ಜೋರಾಗಿದೆ, ಕೂಡಲೇ ಕಳಿಸಿಕೊಡಿ ಎಂಬ ಪತ್ರವೂ ಜೊತೆಗಿತ್ತು. ಪತ್ರ ಸುಳ್ಳು. ಎಲೆನ್ ಶ್ರೀಮಂತ ಗಿರಣಿ ಮಾಲೀಕನ ಒಬ್ಬಳೇ ಮಗಳು. ಗಾಡಿ ಕಳಿಸಿದ ಎಡ್ವರ್ಡ್ ಗಿಬ್ಬನ್ ವೇಕ್‌ಫೀಲ್ಡ್‌ನ ಕಣ್ಣು ಆ ಆಸ್ತಿಯ ಮೇಲಿತ್ತು. ನಿಮ್ಮಪ್ಪ ದಿವಾಳಿಯ ಅಂಚಿನಲ್ಲಿದ್ದಾರೆ, ನೀನು ನನ್ನನ್ನು ಮದುವೆಯಾದರೆ ಉಳಿದುಕೊಳ್ಳುತ್ತಾರೆ ಎಂದು ನಂಬಿಸಿ, ಸ್ಕಾಟ್ಲೆಂಡ್ ಗಡಿಯ ಗ್ರೆಟ್ನಾ ಗ್ರೀನ್‌ಗೆ ಕರೆದೊಯ್ದು ಅವಳನ್ನು ಮದುವೆಯಾದ. ಹುಡುಗಿಯ ಮನೆಯವರು ಬೆನ್ನಟ್ಟಿ ಹೋಗಿ ಫ್ರಾನ್ಸಿನ ಕ್ಯಾಲೆಯಲ್ಲಿ ಅವಳನ್ನು ಬಿಡಿಸಿಕೊಂಡರು. ವೇಕ್‌ಫೀಲ್ಡ್‌ಗೆ ಮೂರು ವರ್ಷ ಜೈಲಾಯಿತು. ಆ ಮದುವೆಯನ್ನು ರದ್ದುಮಾಡಲು ಬ್ರಿಟಿಷ್ ಸಂಸತ್ತು 1827ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು.

ಅದೇ ದೇಶ, ಹೆಚ್ಚುಕಡಿಮೆ ಅದೇ ಕಾಲ, ಅದೇ ಗ್ರೆಟ್ನಾ ಗ್ರೀನ್. ಅಲ್ಲಿ ನಡೆಯುವ ಒತ್ತಾಯದ ಮದುವೆಯ ಕತೆಗಳನ್ನು ಇಂದು ಲಕ್ಷಾಂತರ ಓದುಗರು ಬಯಸಿ ಬಯಸಿ ಓದುತ್ತಾರೆ. ಅವರಲ್ಲಿ ಬಹುಪಾಲು ಹೆಂಗಸರೇ. ನಿಜ ಜೀವನದಲ್ಲಿ ಯಾವ ಹೆಣ್ಣಿಗೂ ಬೇಡವಾದದ್ದು ಪುಸ್ತಕದಲ್ಲಿ ಯಾಕಿಷ್ಟು ಇಷ್ಟವಾಗುತ್ತದೆ?

ಐತಿಹಾಸಿಕ ಪ್ರೇಮಕಾದಂಬರಿಗಳ ಮೆಚ್ಚಿನ ಕಾಲ ರೀಜೆನ್ಸಿ, ಅಂದರೆ 1811ರಿಂದ 1820ರವರೆಗಿನ ಇಂಗ್ಲೆಂಡ್. ಒತ್ತಾಯಕ್ಕೆ ಅಲ್ಲಿ ಕಾರಣಗಳು ಬೇಕಾದಷ್ಟು. ಅಪ್ಪನ ಸಾಲ, ಉಯಿಲಿನ ಷರತ್ತು, ಪರಪುರುಷನ ಜೊತೆ ಹುಡುಗಿ ಒಂಟಿಯಾಗಿ ಕಣ್ಣಿಗೆ ಬಿದ್ದಳೆಂಬ ಅಪವಾದ. ಮಧ್ಯಯುಗದ ಕತೆಯಾದರೆ ರಾಜಾಜ್ಞೆ: ಜೂಲಿ ಗಾರ್ವುಡ್ ಅವರ 1989ರ ‘ದಿ ಬ್ರೈಡ್’ ಕಾದಂಬರಿಯಲ್ಲಿ ಸ್ಕಾಟಿಷ್ ನಾಯಕನೊಬ್ಬ ಅರಸನ ಅಪ್ಪಣೆಯಂತೆ ಇಂಗ್ಲಿಷ್ ಹುಡುಗಿಯನ್ನು ಕೈಹಿಡಿಯುತ್ತಾನೆ. ಕಾರಣ ಯಾವುದೇ ಇರಲಿ, ಸಾಮಾನ್ಯ ಪ್ರೇಮಕತೆ ಮುಗಿಯುವ ಜಾಗದಲ್ಲಿ ಈ ಕತೆ ಶುರುವಾಗುತ್ತದೆ. ಪರಿಚಯವೇ ಇಲ್ಲದ ಇಬ್ಬರು ಒಂದೇ ಸೂರಿನಡಿ ಬಂದು ನಿಲ್ಲುತ್ತಾರೆ. ಬಿಟ್ಟು ಹೋಗುವ ದಾರಿಯೂ ಇರುವುದಿಲ್ಲ.

ದಾರಿ ಇರಲಿಲ್ಲ ಎಂಬುದು ಲೇಖಕಿಯರ ಕಲ್ಪನೆಯಲ್ಲ. 1753ರ ಹಾರ್ಡ್‌ವಿಕ್ ಕಾಯ್ದೆಯ ಪ್ರಕಾರ ಇಪ್ಪತ್ತೊಂದು ತುಂಬದವರು ಪರವಾನಗಿ ಪಡೆದು ಮದುವೆಯಾಗಲು ಹಿರಿಯರ ಒಪ್ಪಿಗೆ ಬೇಕಿತ್ತು. ಅದು ಸ್ಕಾಟ್ಲೆಂಡಿಗೆ ಅನ್ವಯವಾಗದ ಕಾರಣವೇ ಗ್ರೆಟ್ನಾ ಗ್ರೀನ್ ಓಡಿಹೋದವರ ಊರಾಯಿತು. ಮದುವೆಯಾದೊಡನೆ ಹೆಂಡತಿಗೆ ಕಾನೂನಿನಲ್ಲಿ ಪ್ರತ್ಯೇಕ ಅಸ್ತಿತ್ವವೇ ಉಳಿಯುತ್ತಿರಲಿಲ್ಲ. ಅವಳ ಹಣ, ಒಡವೆ ಗಂಡನ ಪಾಲಾಗುತ್ತಿದ್ದವು. ವಿವಾಹಿತೆಯರ ಆಸ್ತಿ ಹಕ್ಕಿಗೆ ಗಟ್ಟಿ ಕಾನೂನು ಬಂದದ್ದು 1882ರಲ್ಲಿ. 1857ಕ್ಕೆ ಮೊದಲು ಮರುಮದುವೆಗೆ ಅವಕಾಶ ಕೊಡುವ ವಿಚ್ಛೇದನ ಬೇಕೆಂದರೆ ಸಂಸತ್ತಿನಲ್ಲಿ ಮಸೂದೆ ಪಾಸಾಗಬೇಕಿತ್ತು. ಹಾಗೆ ಬಿಡುಗಡೆ ಪಡೆದ ಹೆಂಗಸರು ನಾಲ್ವರೇ.

ಕಾದಂಬರಿ ಕೈಹಾಕುವುದು ಇಲ್ಲಿಗೇ. ಕಾನೂನು ಗಂಡನಿಗೆ ಎಲ್ಲವನ್ನೂ ಕೊಟ್ಟಾಗಿದೆ, ಅವಳ ಮನಸ್ಸೊಂದನ್ನು ಬಿಟ್ಟು. ಅದು ಬೇಕಾದರೆ ಅವನು ಕೇಳಬೇಕು, ಕಾಯಬೇಕು, ತಪ್ಪಾದರೆ ತಗ್ಗಬೇಕು. ಆಗಿಹೋದ ಮದುವೆಗೆ ಅವಳ ಒಪ್ಪಿಗೆಯನ್ನು ಅವನು ಮುನ್ನೂರು ಪುಟಗಳುದ್ದಕ್ಕೂ ಮೊದಲಿನಿಂದ ಸಂಪಾದಿಸುತ್ತಾನೆ. ಚರ್ಚಿನಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಆ ‘ಹೂಂ’ ಕೊನೆಯ ಅಧ್ಯಾಯದ ಹೊತ್ತಿಗೆ ಇಡೀ ಕತೆಯ ಅತಿ ದುಬಾರಿ ವಸ್ತುವಾಗಿರುತ್ತದೆ. ಕತೆ ಸುಖಾಂತವೇ ಎಂಬ ಭರವಸೆ ಓದುವವಳಿಗೆ ಮೊದಲೇ ಇರುವುದರಿಂದ ಭಯವನ್ನೂ ಅವಳು ಧೈರ್ಯವಾಗಿ ಅನುಭವಿಸಬಲ್ಲಳು. ಎಲೆನ್ ಟರ್ನರ್‌ಗೆ ಅಂಥ ಭರವಸೆ ಇರಲಿಲ್ಲ.

ಈ ಬಗೆಯ ಕತೆಗೆ ಹದ ತಂದುಕೊಟ್ಟವರು ಜಾರ್ಜೆಟ್ ಹೇಯರ್. 1934ರ ‘ದಿ ಕನ್ವೀನಿಯೆಂಟ್ ಮ್ಯಾರೇಜ್’ನಲ್ಲಿ ಸಾಲದಲ್ಲಿರುವ ಮನೆತನವೊಂದರ ಹಿರಿಯ ಮಗಳನ್ನು ಅರ್ಲ್ ಆಫ್ ರೂಲ್ ಎಂಬ ಸಿರಿವಂತ ಕೇಳುತ್ತಾನೆ. ಅವಳ ಮನಸ್ಸು ಬೇರೊಬ್ಬನ ಮೇಲೆ. ಆಗ ಉಗ್ಗು ಮಾತಿನ ಕಿರಿಯ ತಂಗಿ ಹೊರೇಷಿಯಾ ನೇರವಾಗಿ ಅರ್ಲ್‌ನ ಮನೆಗೇ ಹೋಗಿ, ಅಕ್ಕನ ಬದಲು ನನ್ನನ್ನು ಮದುವೆಯಾಗಿ ಎನ್ನುತ್ತಾಳೆ. ಒತ್ತಾಯದ ನಡುವೆಯೂ ಮೊದಲ ಹೆಜ್ಜೆ ಹೆಣ್ಣಿನದು. 1961ರ ‘ಎ ಸಿವಿಲ್ ಕಾಂಟ್ರ್ಯಾಕ್ಟ್’ ಇನ್ನೂ ಗಂಭೀರ. ಅಪ್ಪ ಬಿಟ್ಟುಹೋದ ಸಾಲ ತೀರಿಸಲು ಆಡಮ್ ತಾನು ಪ್ರೀತಿಸಿದ ಸುಂದರಿ ಜೂಲಿಯಾಳನ್ನು ಬಿಟ್ಟು, ಲಂಡನ್ನಿನ ಹಣವಂತ ವ್ಯಾಪಾರಿಯ ಮಗಳು ಜೆನ್ನಿಯ ಕೈಹಿಡಿಯುತ್ತಾನೆ. ಇಲ್ಲಿ ಕಟ್ಟಿಹಾಕಿಸಿಕೊಂಡವನು ಗಂಡು. ನೋಡಲು ಸಾಧಾರಣಳಾದ ಜೆನ್ನಿ ಅವನನ್ನು ಮೊದಲಿನಿಂದಲೂ ಮೌನವಾಗಿ ಪ್ರೀತಿಸಿದವಳು. ಊಟ, ಜಮೀನು, ಅವನ ಅಭಿರುಚಿ ಎಲ್ಲವನ್ನೂ ನೋಡಿಕೊಳ್ಳುತ್ತ ಅವಳು ಕಟ್ಟುವ ಸಂಸಾರಕ್ಕೆ ಆಡಮ್ ನಿಧಾನವಾಗಿ ಒಗ್ಗುತ್ತಾನೆ. ಸಿಡಿಲಿನಂಥ ಪ್ರೇಮ ಕೊನೆಗೂ ಬರುವುದಿಲ್ಲ. ಹಿರಿಯರು ನೋಡಿ ಮಾಡಿದ ಮದುವೆಗಳನ್ನು ಕಂಡು ಬೆಳೆದ ಕನ್ನಡದ ಓದುಗರಿಗೆ ಈ ಪುಸ್ತಕ ಬೇಗ ಹತ್ತಿರವಾಗುತ್ತದೆ.

ಎಲ್ಲ ಕತೆಗಳೂ ಇಷ್ಟು ಮೃದುವಲ್ಲ. ಅಮೆರಿಕದ ಕ್ಯಾಥ್ಲೀನ್ ವುಡಿವಿಸ್ ಅವರ ‘ದಿ ಫ್ಲೇಮ್ ಅಂಡ್ ದಿ ಫ್ಲವರ್’ 1972ರಲ್ಲಿ ಬಂದು ಭಾರಿ ಮಾರಾಟ ಕಂಡಿತು. ಅದರಲ್ಲಿ ಹಡಗಿನ ಕಪ್ತಾನನೊಬ್ಬ ನಾಯಕಿಯನ್ನು ವೇಶ್ಯೆಯೆಂದು ತಿಳಿದು ಅತ್ಯಾಚಾರ ಮಾಡುತ್ತಾನೆ. ಗರ್ಭಿಣಿಯಾದ ಅವಳನ್ನು ಅವನಿಗೇ ಕಟ್ಟಲಾಗುತ್ತದೆ. ಹೆಣ್ಣು ತಾನಾಗಿ ಬಯಸಿದರೆ ಕೆಟ್ಟವಳೆನ್ನುತ್ತಿದ್ದ ಸಮಾಜದಲ್ಲಿ, ಬಲವಂತವೆಂಬ ನೆಪ ನಾಯಕಿಯನ್ನು ಆ ಅಪವಾದದಿಂದ ಕಾಯುತ್ತಿತ್ತು ಎಂದು ಹಲವು ವಿಮರ್ಶಕರು ವಿವರಿಸಿದ್ದಾರೆ. ವಿವರಣೆ ಸರಿಯಿರಬಹುದು. ಆದರೆ ಅಪರಾಧಿಯನ್ನೇ ಬಹುಮಾನವಾಗಿ ಕೊಡುವ ಕತೆ ಆ ಹುಡುಗಿಗೆ ಮಾಡಿದ ಅನ್ಯಾಯ ಅನ್ಯಾಯವೇ. ಜಾನಿಸ್ ರ‍್ಯಾಡ್‌ವೇ 1984ರಲ್ಲಿ ಪ್ರಕಟಿಸಿದ ‘ರೀಡಿಂಗ್ ದಿ ರೊಮ್ಯಾನ್ಸ್’ ಅಧ್ಯಯನದಲ್ಲಿ ಅಮೆರಿಕದ ಒಂದು ಊರಿನ ಓದುಗರನ್ನು ಮಾತಾಡಿಸಿದಾಗ ಹೊರಬಿದ್ದದ್ದೂ ಗಮನಾರ್ಹ. ಆ ಹೆಂಗಸರಿಗೆ ಕ್ರೂರ ನಾಯಕ ಬೇಕಿರಲಿಲ್ಲ, ಅಕ್ಕರೆಯಿಂದ ನೋಡಿಕೊಳ್ಳುವವನು ಬೇಕಿತ್ತು. ಮನೆಮಂದಿಯನ್ನೆಲ್ಲ ಉಪಚರಿಸುವ ಅವರಿಗೆ ಉಪಚಾರ ಸಿಗುತ್ತಿದ್ದದ್ದು ಓದುವ ಆ ಹೊತ್ತಿನಲ್ಲಿ.

ಇತ್ತೀಚಿನ ಬದಲಾವಣೆ ಜೂಲಿಯಾ ಕ್ವಿನ್ ಅವರ ಬ್ರಿಜರ್ಟನ್ ಸರಣಿಯಲ್ಲಿ ಎದ್ದು ಕಾಣುತ್ತದೆ. 2000ದಲ್ಲಿ ಬಂದ ‘ದಿ ವೈಕೌಂಟ್ ಹೂ ಲವ್ಡ್ ಮಿ’ಯಲ್ಲಿ ಕೇಟ್‌ಗೆ ಜೇನುನೊಣ ಕಚ್ಚುತ್ತದೆ. ವಿಷ ಹೀರಿ ತೆಗೆಯಲು ಹೊರಟ ಆಂಟನಿ ಹಿರಿಯರ ಕೈಗೆ ಸಿಕ್ಕಿಬೀಳುತ್ತಾನೆ, ಮದುವೆ ಅನಿವಾರ್ಯವಾಗುತ್ತದೆ. 2022ರ ಮಾರ್ಚ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ರೂಪಾಂತರದಲ್ಲಿ ಕೇಟ್ ಭಾರತದಿಂದ ಬಂದ ಶರ್ಮಾ ಮನೆತನದವಳು. ಜೇನುನೊಣ ಉಳಿಯಿತು, ಒತ್ತಾಯದ ಮದುವೆ ಹೋಯಿತು. ಅದೇ ಸರಣಿಯ ‘ದಿ ಡ್ಯೂಕ್ ಅಂಡ್ ಐ’ನಲ್ಲಿ ಗಂಡ ಕುಡಿದಿದ್ದಾಗ ಹೆಂಡತಿ ಅವನ ಇಚ್ಛೆ ಮೀರಿ ನಡೆದುಕೊಳ್ಳುವ ದೃಶ್ಯಕ್ಕೂ ಓದುಗರಿಂದ ತೀವ್ರ ಆಕ್ಷೇಪ ಬಂತು. ಒಪ್ಪಿಗೆಯ ಪ್ರಶ್ನೆಯನ್ನು ಈಗ ಗಂಡು ಹೆಣ್ಣು ಇಬ್ಬರ ಪರವಾಗಿಯೂ ಕೇಳಲಾಗುತ್ತಿದೆ.

ಇದನ್ನು ಬರೀ ಕಾದಂಬರಿಯ ವಿಚಾರವೆಂದು ತಳ್ಳಿಹಾಕುವಂತಿಲ್ಲ. ಮದುವೆಯೇ ಶಾಶ್ವತ ಒಪ್ಪಿಗೆ ಎಂಬ ಹಳೆಯ ಇಂಗ್ಲಿಷ್ ತತ್ವವನ್ನು ಅಲ್ಲಿನ ಅತ್ಯುಚ್ಚ ನ್ಯಾಯಪೀಠ 1991ರಲ್ಲಿ ಕಿತ್ತುಹಾಕಿತು. ಬ್ರಿಟಿಷರು ಭಾರತದ 1860ರ ದಂಡ ಸಂಹಿತೆಯಲ್ಲಿ ಅತ್ಯಾಚಾರದ ಆರೋಪದಿಂದ ಗಂಡನಿಗೆ ಕೊಟ್ಟ ವಿನಾಯಿತಿ ಮಾತ್ರ ಇಂದಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಮುಂದುವರಿದಿದೆ. ಹೆಂಡತಿಯ ಮೇಲಿನ ಅತ್ಯಾಚಾರದ ಆರೋಪ ಹೊತ್ತ ಗಂಡನ ವಿರುದ್ಧದ ಪ್ರಕರಣವನ್ನು ರದ್ದುಮಾಡಲು ಕರ್ನಾಟಕ ಹೈಕೋರ್ಟ್ 2022ರ ಮಾರ್ಚ್‌ನಲ್ಲಿ ನಿರಾಕರಿಸಿತು. ಸುಪ್ರೀಂ ಕೋರ್ಟ್ ಅದೇ ವರ್ಷ ಅದಕ್ಕೆ ತಡೆ ನೀಡಿತು.

ಹೊಸ ಲೇಖಕಿಯರು ಒತ್ತಾಯದ ಕತೆಯನ್ನು ಕೈಬಿಟ್ಟಿಲ್ಲ. ಚೌಕಾಸಿಯನ್ನು ಮದುವೆಗೆ ಮುಂಚೆಯೇ ತಂದಿಟ್ಟಿದ್ದಾರೆ. ಟೆಸ್ಸಾ ಡೇರ್ ಅವರ 2017ರ ‘ದಿ ಡಚೆಸ್ ಡೀಲ್’ನಲ್ಲಿ ಯುದ್ಧದಲ್ಲಿ ಮುಖ ಸುಟ್ಟುಕೊಂಡ ಡ್ಯೂಕ್‌ಗೆ ವಾರಸುದಾರ ಬೇಕು. ಹೊಲಿದ ಮದುವೆ ಉಡುಪಿನ ಬಾಕಿ ಕೇಳಲು ಬಂದ ದರ್ಜಿ ಹೆಣ್ಣು ಎಮ್ಮಾಳಿಗೆ ಹೊಟ್ಟೆಪಾಡು ನಡೆಯಬೇಕು. ದೀಪ ಹಚ್ಚುವಂತಿಲ್ಲ, ಮುತ್ತು ಕೊಡುವಂತಿಲ್ಲ ಎಂದು ಅವನು ನಿಯಮ ಹೇಳಿದರೆ ಅವಳೂ ತನ್ನದೊಂದು ಷರತ್ತು ಮುಂದಿಡುತ್ತಾಳೆ: ದಿನಾ ರಾತ್ರಿ ಇಬ್ಬರೂ ಒಟ್ಟಿಗೆ ಕೂತು ಊಟ ಮಾಡಬೇಕು.