ಕಾಯಿಬಿಟ್ಟ ಮೆಣಸಿನ ಗಿಡವನ್ನು ಸ್ಥಳಾಂತರಿಸುವ ಬಗೆ

ಕಳೆದ ಶ್ರಾವಣದಲ್ಲಿ ನಮ್ಮ ಹಿತ್ತಲಿನಲ್ಲಿ ಬಚ್ಚಲುಮನೆಯೊಂದನ್ನು ಕಟ್ಟಿಸಲು ನಿಶ್ಚಯಿಸಿದಾಗ ಅಡ್ಡ ಬಂದುದು ಒಂದು ಮೆಣಸಿನ ಗಿಡ. ಮಲೆನಾಡಿನ ಬಂಧುಗಳು ಕೊಟ್ಟ ಸೂಜಿಮೆಣಸಿನ ಬೀಜವನ್ನು, ತೊಂಬತ್ತರ ಸಮೀಪದಲ್ಲಿರುವ ನಮ್ಮ ತಾಯಿಯವರು ಎರಡು ವರ್ಷಗಳ ಹಿಂದೆ ಕೈಯಾರೆ ಊರಿ ಬೆಳೆಸಿದ್ದರು. ಎದೆಮಟ್ಟದ ಗಿಡ, ಮೈತುಂಬ ಕಾಯಿ. ಗವಂಡಿ ನಾಲ್ಕು ದಿನಗಳ ಅವಧಿ ಕೊಟ್ಟಿದ್ದನು. “ಗ್ವಾಡಿ ನಾಳೆನೂ ಕಟ್ಟಬಹುದು. ಗಿಡ ಹ್ವಾದ್ರ ಮತ್ತ ಎರಡು ವರ್ಷ ನಾ ಎಲ್ಲಿ ಕಾಯ್ಲೆಪಾ?” ಎಂದರು ತಾಯಿಯವರು. ನನ್ನಲ್ಲಿ ಉತ್ತರವಿರಲಿಲ್ಲ.

ನನ್ನ ಅಳುಕಿಗೆ ಕಾರಣವಿತ್ತು. ಮೂವತ್ತು ವರ್ಷಗಳ ಹಿಂದೆ ಬಾಡಿಗೆಯ ಮನೆಯನ್ನು ಬಿಡುವಾಗ ಇಂತಹುದೇ ಗಿಡವೊಂದನ್ನು ವೈಶಾಖದ ಮಟಮಟ ಮಧ್ಯಾಹ್ನ ಕಿತ್ತು, ಹೊಸ ಜಾಗದಲ್ಲಿ ಹಸಿ ಸಗಣಿಯ ಮೇಲೆ ನೆಟ್ಟಿದ್ದೆನು. ಮೂರನೆಯ ದಿನಕ್ಕೆ ಅದು ಒಣಕಟ್ಟಿಗೆಯಾಯಿತು.

ಒಟ್ಟುಮಡಿಯ ಐದಾರು ವಾರಗಳ ಸಸಿಯನ್ನು ಕಿತ್ತು ನೆಡುವುದು ಎಲ್ಲರೂ ಬಲ್ಲ ಕಾರ್ಯ. ಬೆಳೆದ ಗಿಡದ ಸ್ಥಿತಿ ಬೇರೆ. ನೀರನ್ನು ಹೀರುವುದು ದಪ್ಪ ಬೇರಲ್ಲ, ಬೇರಿನ ತುದಿಯ ಸಮೀಪದಲ್ಲಿರುವ ಕೂದಲಿನಂತಹ ಎಳೆಗಳು. ಅಗೆಯುವಾಗ ಮೊದಲು ಹರಿಯುವುದು ಅವೇ. ಮೇಲಿನ ನೂರಾರು ಎಲೆಗಳಾದರೋ ಎಂದಿನಂತೆಯೇ ನೀರನ್ನು ಆವಿಯಾಗಿ ಬಿಡುತ್ತಿರುತ್ತವೆ. ಆದಾಯ ನಿಂತ ಮನೆಯಲ್ಲಿ ಖರ್ಚು ಮಾತ್ರ ನಡೆದಂತೆ! ಆದುದರಿಂದ ಬೇರು ಚೇತರಿಸಿಕೊಳ್ಳುವವರೆಗೆ ಎಲೆಗಳ ವೆಚ್ಚವನ್ನು ತಗ್ಗಿಸುವುದೇ ಇಲ್ಲಿಯ ಉಪಾಯ.

ಹಿಂದಿನ ದಿನ ಸಂಜೆ ಬುಡಕ್ಕೆ ಚೆನ್ನಾಗಿ ನೀರುಣಿಸಿದೆವು. ಒದ್ದೆ ಮಣ್ಣು ಬೇರನ್ನು ಬಿಗಿಯಾಗಿ ಹಿಡಿದಿರುತ್ತದೆ. ಹೊಸ ಗುಂಡಿಯನ್ನು ಮೊದಲೇ ತೋಡಿಟ್ಟೆವು. ಬದನೆ, ಟೊಮೆಟೊಗಳು ಮೆಣಸಿನ ಕುಲದವೇ ಆದುದರಿಂದ, ಅವುಗಳನ್ನು ಬೆಳೆದ ಪಾತಿಯನ್ನು ಬಿಟ್ಟುಬಿಟ್ಟೆವು. ಸೊರಗು ರೋಗದ ಬೀಜ ಆ ಮಣ್ಣಿನಲ್ಲಿಯೇ ಉಳಿದಿರಬಹುದು. ಬಳಿಕ ಕಾಯಿ, ಹೂ, ಮೊಗ್ಗುಗಳೆಲ್ಲವನ್ನೂ ತೆಗೆದು, ಕೊಂಬೆಗಳಲ್ಲಿ ಮೂರನೆಯ ಒಂದು ಪಾಲನ್ನು ಕತ್ತರಿಸಿದೆವು. ಕಾಯಿ ಕೊಯ್ಯಲು ತಾಯಿಯವರು ಒಪ್ಪಿದರು. ಹೂವಿಗೆ ಕೈಹಚ್ಚಿದಾಗ ಮಾತ್ರ ಮುಖ ತಿರುಗಿಸಿ ಒಳಗೆ ನಡೆದರು.

ಮರುದಿನ ಇಳಿಹೊತ್ತಿನಲ್ಲಿ, ಕಾಂಡದಿಂದ ಒಂದೂವರೆ ಗೇಣು ದೂರದಲ್ಲಿ ಸುತ್ತಲೂ ಅಗೆದು, ಮಣ್ಣಿನ ಹೆಂಟೆ ಒಡೆಯದಂತೆ ಕೆಳಗಿನಿಂದ ಎತ್ತಿ, ಒದ್ದೆ ಗೋಣಿತಟ್ಟಿನಲ್ಲಿ ಹೊತ್ತೊಯ್ದೆವು. ಕಾಂಡ ಹಿಡಿದು ಜಗ್ಗಲಾಗದು. ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ಇರಿಸಿ, ಮಣ್ಣು ತುಂಬಿ, ಪೊಳ್ಳು ಉಳಿಯದಂತೆ ನೀರು ಹೊಯ್ದು, ಗಾಳಿಗೆ ಅಲುಗದಂತೆ ಗೂಟಕ್ಕೆ ಕಟ್ಟಿದೆವು. ಗೊಬ್ಬರ ಹಾಕಲಿಲ್ಲ. ಗಾಯಗೊಂಡ ಬೇರಿಗೆ ಹಸಿ ಸಗಣಿ ಸುಡುವ ವಸ್ತುವೆಂಬುದನ್ನು ಒಮ್ಮೆ ಕಲಿತದ್ದು ಸಾಕಾಗಿತ್ತು. ಒಂದು ವಾರ ತೆಂಗಿನ ಗರಿಯ ನೆರಳು.

ಮೆಣಸಿನ ಗಿಡವೆಂದರೆ ಒಂದು ವರ್ಷದ ಬಾಳು ಎಂದು ಬಹುಜನರ ಭಾವನೆ. ಬ್ಯಾಡಗಿ ಮೆಣಸಿನಕಾಯಿಯ ಹೊಲಗಳಲ್ಲಿ ವರ್ಷವರ್ಷವೂ ಹೊಸ ಸಸಿ ನೆಡುವುದನ್ನು ಕಂಡು ಹಾಗೆನ್ನಿಸುವುದು ಸಹಜ. ಅಮೆರಿಕ ಖಂಡದಿಂದ ಪೋರ್ತುಗೀಜರ ಮೂಲಕ 16ನೆಯ ಶತಮಾನದಲ್ಲಿ ನಮ್ಮಲ್ಲಿಗೆ ಬಂದು, ಕರಿಮೆಣಸಿನ ಹೆಸರನ್ನೇ ತನ್ನದಾಗಿಸಿಕೊಂಡ ಈ ಸಸ್ಯ, ಚಳಿ ತೀವ್ರವಲ್ಲದ ಕಡೆ ಹಲವು ವರ್ಷ ಬದುಕಬಲ್ಲದು. ಆದುದರಿಂದಲೇ ಈ ಶ್ರಮ. ಎಲೆ ಮುರುಟಿದ ರೋಗಿಷ್ಠ ಗಿಡಕ್ಕಾದರೆ ಈ ಶ್ರಮ ಬೇಡ. ಬಿಳಿನೊಣ ಆ ರೋಗವನ್ನು ನೆರೆಯ ಗಿಡಗಳಿಗೂ ಹರಡೀತು.

ಮೊದಲ ಮೂರು ದಿನ ಎಲೆಗಳು ಹಗಲಿನಲ್ಲಿ ಜೋತು ಬೀಳುತ್ತಿದ್ದವು. ತಾಯಿಯವರು ತಂಬಿಗೆ ಹಿಡಿದು ಹೊರಡುವರು, ನಾನು ತಡೆಯುವೆನು. ಸಂಜೆಗೆ ಎಲೆ ಮತ್ತೆ ಸೆಟೆದು ನಿಂತರೆ ಭಯವಿಲ್ಲ. ಮೇಲ್ಮಣ್ಣು ಒಣಗದೆ ನೀರೆರೆದರೆ ಬೇರು ಕೊಳೆಯುತ್ತದೆ. ನಾಲ್ಕನೆಯ ದಿನ ಎಲೆಗಳು ಕೆಲವು ಉದುರಿದವು. ಆ ರಾತ್ರಿ ಅವರು ನನ್ನೊಡನೆ ಮಾತನಾಡಲಿಲ್ಲ.

ಹನ್ನೆರಡನೆಯ ದಿನ ಬೆಳಿಗ್ಗೆ ಅವರೇ ಕೂಗಿ ಕರೆದರು. ಕತ್ತರಿಸಿದ ಕೊಂಬೆಯೊಂದರ ಕೆಳಗೆ ಸಾಸಿವೆಯಷ್ಟು ಹಸಿರು ಚಿಗುರು. ಕಳಿತ ತಿಪ್ಪೆಗೊಬ್ಬರವನ್ನು ಒಂದು ಬೊಗಸೆ ಹಾಕಿದ್ದು ಆ ಬಳಿಕವೇ. ಬಚ್ಚಲುಮನೆಯ ಗೋಡೆ ಅಷ್ಟರಲ್ಲಿ ಸೊಂಟದೆತ್ತರಕ್ಕೆ ಎದ್ದಿತ್ತು.