ಕೃಷ್ಣೆಯ ಎರಡು ದಡ, ನಡುವೆ ಒಬ್ಬ ಪದವೀಧರ

ಗಡಿನಾಡೆಂದೊಡನೆ ನಮಗೆ ನೆನಪಾಗುವುದು ನಮ್ಮ ಕಾಸರಗೋಡು. ಆದರೆ 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ ದಿನವೇ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರದ ಪಾಲಾದವು. ಮಕ್ತಲ್, ನಾರಾಯಣಪೇಟೆಗಳೂ ಮಹಬೂಬನಗರ ಜಿಲ್ಲೆಯೊಡನೆ ಅತ್ತಲೇ ಹೋದವು. 2014ರಿಂದ ಇವೆಲ್ಲ ತೆಲಂಗಾಣದಲ್ಲಿವೆ. ಅಲ್ಲಿನ ಕನ್ನಡ ಮನೆಗಳ ಚಿಂತೆ ನಮ್ಮ ಮನೆಗಳ ಚಿಂತೆಯೇ: ಓದಿದ ಮಕ್ಕಳಿಗೆ ಉದ್ಯೋಗವೆಲ್ಲಿ?

ಮಕ್ತಲ್ ಕಡೆಯ ಯುವಕನೊಬ್ಬ ಕನ್ನಡ ಶಾಲೆಯಲ್ಲಿ ಕಲಿತು, ಹೊಳೆ ದಾಟಿ ರಾಯಚೂರಿನಲ್ಲಿ ಬಿ.ಎ. ಮುಗಿಸಿದನೆಂದಿಟ್ಟುಕೊಳ್ಳೋಣ. ಕರ್ನಾಟಕದ ಆ ಭಾಗದಲ್ಲಿ 371-ಜೆ ವಿಧಿಯಿದೆ. 2012ರ ತಿದ್ದುಪಡಿಯಿಂದ ಬಂದ ಈ ವಿಧಿಯ ಮೀಸಲಾತಿ ಜನನದಿಂದಲೋ ವಾಸದಿಂದಲೋ ಆ ಪ್ರದೇಶಕ್ಕೆ ಸೇರಿದವರಿಗೆ. ಪದವಿ ಅಲ್ಲಿಯದಾದರೂ ಹುಟ್ಟೂರು ಈಚೆಗಿದ್ದರೆ ಪ್ರಯೋಜನವಿಲ್ಲ.

ಊರಿಗೆ ಮರಳಿದರೆ 371-ಡಿ. 2018ರ ರಾಷ್ಟ್ರಪತಿ ಆದೇಶದಂತೆ ನೇರ ನೇಮಕಾತಿಯಲ್ಲಿ ನೂರಕ್ಕೆ 95 ಹುದ್ದೆಗಳು ಸ್ಥಳೀಯರಿಗೆ. ಸ್ಥಳೀಯ ಯಾರೆಂಬುದಕ್ಕೆ 1ರಿಂದ 7ನೇ ತರಗತಿವರೆಗೆ ಓದಿದ ಸ್ಥಳ ಆಧಾರ. ಅಜ್ಜಿಮನೆಯಲ್ಲಿದ್ದು ರಾಯಚೂರಿನ ಶಾಲೆಯಲ್ಲಿ ಕಲಿತವನು ತನ್ನೂರಿನಲ್ಲೇ ಪರಸ್ಥಳದವನಾಗುತ್ತಾನೆ. ಊರಲ್ಲೇ ಕಲಿತವನು ಸ್ಥಳೀಯನೇನೋ ಹೌದು. ಆದರೆ ಲೋಕಸೇವಾ ಆಯೋಗದ ಗ್ರೂಪ್ ಪರೀಕ್ಷೆಗಳು ಇಂಗ್ಲಿಷ್, ತೆಲುಗು, ಉರ್ದುವಿನಲ್ಲಿ. ಕನ್ನಡದಲ್ಲಿ ಕಲಿತದ್ದನ್ನು ಅವನು ಬೇರೆ ಭಾಷೆಯಲ್ಲಿ ಒಪ್ಪಿಸಬೇಕು. ಹೀಗೆ ಪದವಿಪತ್ರಕ್ಕಿಂತ ಒಂದನೇ ತರಗತಿಯ ದಾಖಲಾತಿಯೇ ಹೆಚ್ಚು ತೂಕದ್ದಾಗುತ್ತದೆ. ಆರು ವರ್ಷದ ಮಗುವಿನ ಕೈಹಿಡಿದು ಶಾಲೆಯ ಬಾಗಿಲಲ್ಲಿ ನಿಂತ ತಾಯಿಗೆ ಇದನ್ನು ಹೇಳುವವರು ಯಾರು?

ಅಲ್ಲಿನ ಜನರಿಗೆ ಇದು ಹೊಸದೂ ಅಲ್ಲ. ನಿಜಾಮರ ಕಾಲದಲ್ಲಿ, 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಉರ್ದುವಿನಲ್ಲಿತ್ತು. 1956ರ ಬಳಿಕ ಕಚೇರಿಗಳಿಗೆ ತೆಲುಗು ಬಂತು. ಎರಡು ಕಾಲದಲ್ಲೂ ಕನ್ನಡ ಮನೆಯೊಳಗೇ ಉಳಿಯಿತು.

ನಮ್ಮ ಸ್ಥಿತಿ ತುಸು ಮೇಲು. ಕೇರಳ ಲೋಕಸೇವಾ ಆಯೋಗ ಕನ್ನಡದಲ್ಲೂ ಪ್ರಶ್ನೆಪತ್ರಿಕೆ ಕೊಡುತ್ತದೆ, ಕನ್ನಡ ಬಲ್ಲವರಿಗೆಂದೇ ಕೆಲವು ಹುದ್ದೆಗಳನ್ನು ಕರೆಯುತ್ತದೆ. ಇದು ತಾನಾಗಿ ಬಂದದ್ದಲ್ಲ, ಕೇಳಿ ಪಡೆದದ್ದು. ಇಷ್ಟಾದರೂ ತೆಲಂಗಾಣದಲ್ಲಿ ಏಕಾಗಬಾರದು? ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಕನ್ನಡಕ್ಕೆ ಅಲ್ಲಿ ಈಗಲೇ ಸ್ಥಾನವಿದೆ. ಉಳಿದ ಪರೀಕ್ಷೆಗಳಿಗೂ ಅದು ವಿಸ್ತರಿಸಲಿ. ಕರ್ನಾಟಕವೂ ತನ್ನಲ್ಲಿ ಓದಿದ ಗಡಿಯಾಚೆಯ ಕನ್ನಡಿಗನಿಗೆ ನೇಮಕಾತಿಯಲ್ಲಿ ಒಂದು ದಾರಿ ತೋರಲಿ.

ಯುವಕರಿಗೂ ಒಂದು ಮಾತು: ತೆಲುಗನ್ನು ಚೆನ್ನಾಗಿ ಕಲಿಯಿರಿ, ಅದರಿಂದ ಕನ್ನಡಕ್ಕೆ ನಷ್ಟವಿಲ್ಲ. ಮಲಯಾಳ ಕಲಿತೂ ಕನ್ನಡಿಗರಾಗಿ ಉಳಿದ ನಮಗೆ ಇದು ಗೊತ್ತು. ಆದರೆ ಕನ್ನಡ ಶಾಲೆಗೆ ಹೋದದ್ದೇ ತಪ್ಪಾಯಿತೆಂದು ಯಾವ ಪದವೀಧರನಿಗೂ ಅನಿಸಬಾರದು. ಹಾಗೆ ಅನಿಸಿದ ಊರಿನಲ್ಲಿ ಕನ್ನಡ ಶಾಲೆ ಬಹುಕಾಲ ಬಾಳದು.