ಕಂಪ್ಯೂಟರ್‌ಗೂ ನೀರು ಬೇಕಂತೆ!

"ಅತ್ತಿಗೆ, ನಿಮ್ಮ ಚೀಟಿ ಯಾವಾಗ ಎತ್ತೋದು?"

ರಾತ್ರಿ ಊಟಕ್ಕೆ ಕೂತಾಗ ಮೈದುನ ಇಷ್ಟು ಮೆತ್ತಗೆ ಕೇಳಿದ ಅಂದ್ರೆ ಹಿಂದೆ ಏನೋ ಇದೆ ಅಂತಲೇ ಲೆಕ್ಕ. ಇತ್ತು. ಗೇಮ್ ಆಡುವ ತನ್ನ ಕಂಪ್ಯೂಟರ್‌ಗೆ 'ಕಸ್ಟಮ್ ವಾಟರ್ ಕೂಲಿಂಗ್' ಮಾಡಬೇಕಂತೆ. ಖರ್ಚು ಐವತ್ತು ಸಾವಿರ. ಕೈಯಲ್ಲಿ ಮೂವತ್ತಿದೆ, ಇನ್ನಿಪ್ಪತ್ತು ನನ್ನ ಚೀಟಿ ದುಡ್ಡಿನಿಂದ ಆಗಬೇಕು. "ಕಂಪ್ಯೂಟರ್‌ಗೆ ನೀರಾ? ಕರೆಂಟಿರೋ ಜಾಗದಲ್ಲಾ?" ಅಂತ ನಮ್ಮತ್ತೆ ತುತ್ತನ್ನು ಕೈಯಲ್ಲೇ ಹಿಡಿದು ಕೂತುಬಿಟ್ಟರು.

ನಿಮ್ಮ ಮನೆಯಲ್ಲೂ ಮಗನೋ, ತಮ್ಮನೋ, ಯಜಮಾನರೋ ಇಂಥದ್ದೇ ಬೇಡಿಕೆ ಇಟ್ಟಿರಬಹುದು. ಗಾಬರಿಯಾಗಬೇಡಿ. ತಕ್ಷಣ 'ಆಯ್ತು' ಅನ್ನಲೂ ಬೇಡಿ, 'ಆಗಲ್ಲ' ಅನ್ನಲೂ ಬೇಡಿ. ಒಂದು ಬಿಳಿ ಹಾಳೆ, ಒಂದು ಅಳತೆ ಟೇಪು ತರಲು ಹೇಳಿ. ನಾನು ಹೇಳಿದ್ದು ಇಷ್ಟೇ: "ಏನೇನು ಬೇಕು, ಯಾವ ಅಳತೆ, ಎಷ್ಟು ಬೆಲೆ ಎಲ್ಲಾ ಬರೆದು ತೋರಿಸು. ದುಡ್ಡಿನ ಮಾತು ಆಮೇಲೆ." ಆ ಹಾಳೆ ಬರೆಯಲು ಅವನಿಗೆ ಮೂರು ಭಾನುವಾರ ಹಿಡಿಯಿತು. ಆದರೆ ಖರ್ಚಿನಲ್ಲಿ ಹದಿನೈದು ಸಾವಿರ ಉಳಿಯಿತು.

ಒಳಗೆ ನಡೆಯೋದೇನು?

ಕಂಪ್ಯೂಟರ್‌ನಲ್ಲಿ ಹೆಚ್ಚು ಬಿಸಿಯಾಗುವ ಭಾಗಗಳು ಎರಡು. ಒಂದು ಪ್ರೊಸೆಸರ್, ಇನ್ನೊಂದು ಗ್ರಾಫಿಕ್ಸ್ ಕಾರ್ಡ್. ನಮ್ಮವನದ್ದು ರೈಜನ್ 7 7800ಎಕ್ಸ್3ಡಿ ಪ್ರೊಸೆಸರ್. ಕಂಪನಿ ಕೊಟ್ಟ ಲೆಕ್ಕದಂತೆ 120 ವಾಟ್. ಆರ್‌ಟಿಎಕ್ಸ್ 4070 ಕಾರ್ಡಿನದ್ದು 200 ವಾಟ್. ಎರಡೂ ಸೇರಿ 320. ಅಂದ್ರೆ ಹಳೇ ಕಾಲದ 100 ವಾಟ್ ಬಲ್ಬುಗಳನ್ನು ಮೂರು ಒಟ್ಟಿಗೆ ಒಂದು ಪೆಟ್ಟಿಗೆಯೊಳಗೆ ಉರಿಸಿದ ಹಾಗೆ. ಈ ಬಿಸಿಯನ್ನು ಸಾಮಾನ್ಯವಾಗಿ ಫ್ಯಾನ್‌ಗಳು ಹೊರಹಾಕುತ್ತವೆ. ಗೇಮ್ ಜೋರಾದಂತೆ ಫ್ಯಾನಿನ ಸದ್ದೂ ಜೋರು.

ವಾಟರ್ ಕೂಲಿಂಗ್‌ನಲ್ಲಿ ಪ್ರೊಸೆಸರ್ ಮೇಲೆ ಒಂದು ಲೋಹದ ಬಿಲ್ಲೆ ಕೂರಿಸುತ್ತಾರೆ. ಅದಕ್ಕೆ ವಾಟರ್ ಬ್ಲಾಕ್ ಎಂದು ಹೆಸರು. ಅದರೊಳಗಿನ ಸಣ್ಣ ಗೀರುಗಳಲ್ಲಿ ನೀರು ಹರಿದು ಬಿಸಿಯನ್ನು ಎತ್ತಿಕೊಳ್ಳುತ್ತದೆ. ಕೊಳವೆಯಲ್ಲಿ ರೇಡಿಯೇಟರ್‌ಗೆ ಹೋಗಿ, ಫ್ಯಾನ್ ಗಾಳಿಗೆ ತಣಿದು, ಸಣ್ಣ ಟ್ಯಾಂಕ್‌ಗೆ ಬಂದು, ಪಂಪ್ ಮೂಲಕ ಮತ್ತೆ ಬ್ಲಾಕ್‌ಗೆ. ಕಾರಿನ ಬಾನೆಟ್ ಎತ್ತಿ ನೋಡಿದ್ದೀರಲ್ಲ, ಅದೇ ತಂತ್ರ. ಅದದೇ ನೀರು ಸುತ್ತುತ್ತಿರುತ್ತದೆ. ಏರ್ ಕೂಲರ್‌ಗೆ ತುಂಬಿಸುವ ಹಾಗೆ ದಿನಾ ಕೊಡ ಹಿಡಿದು ನಿಲ್ಲಬೇಕಾಗಿಲ್ಲ.

ಇಲ್ಲಿ ಎರಡು ತಪ್ಪು ಕಲ್ಪನೆಗಳಿವೆ. ನೀರು ಕೋಣೆಗಿಂತ ತಣ್ಣಗಾಗುತ್ತದೆ ಅನ್ನೋದು ಒಂದು. ಆಗುವುದಿಲ್ಲ. ಕೋಣೆಯಲ್ಲಿ 33 ಡಿಗ್ರಿ ಇದ್ದರೆ ಆಟ ಆಡುವಾಗ ನೀರು 43ರ ಆಸುಪಾಸು ಇರುವುದು ಮಾಮೂಲು. ಬೇಸಿಗೆಯಲ್ಲಿ 40 ದಾಟುವ ಕಲಬುರಗಿ, ರಾಯಚೂರಿನವರು ಇದನ್ನು ಲೆಕ್ಕಕ್ಕಿಟ್ಟೇ ರೇಡಿಯೇಟರ್ ಆರಿಸಬೇಕು. ಕೋಣೆಯ ಸೆಕೆ ಕಡಿಮೆಯಾಗುತ್ತದೆ ಅನ್ನೋದು ಎರಡನೆಯದು. ಅದೂ ಇಲ್ಲ. ಪೆಟ್ಟಿಗೆಯೊಳಗಿನ ಬಿಸಿ ಕೋಣೆಗೇ ಬರುತ್ತದೆ, ಮೊದಲು ಬರುತ್ತಿದ್ದಷ್ಟೇ.

ಬೇಕೇ ಬೇಕಾ?

ನಿಜ ಹೇಳಬೇಕೆಂದರೆ ಬಹಳಷ್ಟು ಮನೆಗಳಲ್ಲಿ ಬೇಕಾಗಿಲ್ಲ. ಮೂರು, ನಾಲ್ಕು ಸಾವಿರದ ಒಳ್ಳೆಯ ಏರ್ ಕೂಲರ್ ಬಿಲ್ಲೆ-ಫ್ಯಾನ್ ಹಾಕಿದರೂ ಈ ಪ್ರೊಸೆಸರ್ ಆರಾಮಾಗಿರುತ್ತದೆ. ಕಂಪನಿಯಲ್ಲೇ ನೀರು ತುಂಬಿ ಮುಚ್ಚಿ ಬರುವ 'ಆಲ್ ಇನ್ ಒನ್' ಕೂಲರ್‌ಗಳೂ ಹತ್ತು ಸಾವಿರದ ಆಚೀಚೆ ಸಿಗುತ್ತವೆ. ಅದಕ್ಕೂ ಮೊದಲು ಕ್ಯಾಬಿನೆಟ್ ತೆಗೆದು ಧೂಳು ಒರೆಸಿ ನೋಡಿ. ನಮ್ಮ ಮನೆಯದ್ದು ಗೋಡೆಗೆ ಅಂಟಿಕೊಂಡು ಮಂಚದ ಪಕ್ಕ ಇತ್ತು. ತೆಗೆದರೆ ಫ್ಯಾನ್ ತುಂಬ ಹಳೇ ದಿಂಬಿನ ಹತ್ತಿಯಂಥ ಧೂಳು! ಒರೆಸಿ ಒಂದು ಗೇಣು ಮುಂದೆ ಎಳೆದಿಟ್ಟ ಮೇಲೆ ಅರ್ಧ ಸದ್ದು ಅಡಗಿತು.

ಆದರೂ ಅವನಿಗೆ ಬೇಕಿತ್ತು. ತಾನೇ ಕೈಯಾರೆ ಜೋಡಿಸಬೇಕು ಎಂಬ ಆಸೆ. ಇರಲಿ ಬಿಡಿ. ನಾವು ರೇಷ್ಮೆ ಸೀರೆ ಅಂಗಡಿಯಲ್ಲಿ ಕೂತಾಗ ಯಾರಾದ್ರೂ 'ಬೇಕೇ ಬೇಕಾ' ಅಂತ ಕೇಳಿದರೆ ನಮಗೆ ಹೇಗಾಗುತ್ತೆ? ಹವ್ಯಾಸ ಅಂತ ಒಪ್ಪಿಕೊಂಡರೆ ಹವ್ಯಾಸದ ಬಜೆಟ್ ಹಾಕಬಹುದು. 'ಇದಿಲ್ಲದಿದ್ದರೆ ಕಂಪ್ಯೂಟರ್ ಸುಟ್ಟುಹೋಗುತ್ತೆ' ಎಂದು ಯಾರಾದರೂ ಹೆದರಿಸಿದರೆ ಮಾತ್ರ ನಂಬಬೇಡಿ. ಈಗಿನ ಪ್ರೊಸೆಸರ್‌ಗಳು ಬಿಸಿ ಮಿತಿ ಮೀರುವ ಮೊದಲೇ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ.

ಅಳತೆ ಮೊದಲು, ಆರ್ಡರ್ ಆಮೇಲೆ

ರವಿಕೆಗೆ ಅಳತೆ ತೆಗೆಯುವ ಮುಂಚೆ ಬಟ್ಟೆಗೆ ಕತ್ತರಿ ಹಾಕುವವರುಂಟೇ? ಇಲ್ಲಿ ಹುಡುಗರು ಮಾಡುವ ತಪ್ಪು ಅದೇ. ಮೊದಲು ಬಣ್ಣದ ಟ್ಯಾಂಕ್ ಆರಿಸುತ್ತಾರೆ, ಅದು ಕ್ಯಾಬಿನೆಟ್‌ನಲ್ಲಿ ಕೂರುತ್ತದೋ ಇಲ್ಲವೋ ಕೊನೆಗೆ ನೋಡುತ್ತಾರೆ.

ರೇಡಿಯೇಟರ್‌ಗಳನ್ನು 120, 240, 360 ಎಂದು ಕರೆಯುತ್ತಾರೆ. 120 ಮಿ.ಮೀ. ಅಗಲದ ಎಷ್ಟು ಫ್ಯಾನ್ ಹಿಡಿಯುತ್ತವೆ ಎಂಬ ಲೆಕ್ಕ ಅದು. 360 ಅಂದರೆ ಮೂರು ಫ್ಯಾನ್. ಆದರೆ ಅದರ ನಿಜವಾದ ಉದ್ದ 360 ಅಲ್ಲ, ಎರಡು ತುದಿ ಸೇರಿ 400ರ ಹತ್ತಿರ ಬರುತ್ತದೆ! ದಪ್ಪ ಸುಮಾರು 30 ಮಿ.ಮೀ., ಅದಕ್ಕೆ ಫ್ಯಾನಿನ 25 ಸೇರಿಸಿದರೆ 55. ನನ್ನ ಹೊಲಿಗೆ ಪೆಟ್ಟಿಗೆಯ ಟೇಪು ಹಿಡಿದು, ಹಳೇ ಮಿಕ್ಸಿ ಡಬ್ಬದ ರಟ್ಟನ್ನು ಅದೇ ಅಳತೆಗೆ ಕತ್ತರಿಸಿ ಕ್ಯಾಬಿನೆಟ್ ಒಳಗಿಟ್ಟು ನೋಡಿದೆವು. ಮೇಲ್ಗಡೆ ಇಡೋಣ ಅಂದ್ರೆ ಮೆಮೊರಿ ಕಡ್ಡಿಗಳು ಅಡ್ಡ. ಮುಂಭಾಗದಲ್ಲಿ ಸಲೀಸಾಗಿ ಕೂತಿತು. ರಟ್ಟಿನ ಕೆಲಸ ಹತ್ತು ನಿಮಿಷ. ಅದನ್ನು ಮಾಡದೆ ತರಿಸಿದ್ದರೆ ವಾಪಸ್ ಕಳಿಸುವ ರಗಳೆ.

ಎಷ್ಟು ದೊಡ್ಡದು ಬೇಕು? ತಣಿಸಬೇಕಾದ ಒಂದೊಂದು ಭಾಗಕ್ಕೂ ಒಂದು 120, ಅದರ ಮೇಲೆ ಇನ್ನೊಂದು 120 ಎಂಬುದು ಇದರಲ್ಲಿ ಪಳಗಿದವರ ಸ್ಥೂಲ ಲೆಕ್ಕ. ಪ್ರೊಸೆಸರ್ ಮಾತ್ರ ಆದರೆ 240 ಸಾಕು. ಕಾರ್ಡೂ ಸೇರಿದರೆ 360 ಆದರೂ ಬೇಕು. ನಮ್ಮವನು ಮೊದಲು ಬರೆದದ್ದು ಎರಡಕ್ಕೂ ಸೇರಿ ಒಂದೇ 240! ಹಾಗೆ ಮಾಡಿದ್ದರೆ ಫ್ಯಾನ್‌ಗಳು ಮತ್ತೆ ಜೋರಾಗಿ ತಿರುಗಿ, ಸದ್ದು ಕಡಿಮೆ ಮಾಡಲು ಹಾಕಿದ ದುಡ್ಡು ನೀರುಪಾಲು.

ಗ್ರಾಫಿಕ್ಸ್ ಕಾರ್ಡ್ ವಿಷಯದಲ್ಲಿ ಇನ್ನೂ ಜಾಗ್ರತೆ ಇರಲಿ. ಆರ್‌ಟಿಎಕ್ಸ್ 4070 ಎಂಬ ಹೆಸರು ಒಂದೇ ಇದ್ದರೂ ಬೇರೆ ಬೇರೆ ಕಂಪನಿಯವರು ಒಳಗಿನ ಬೋರ್ಡನ್ನು ಬೇರೆ ಬೇರೆ ರೀತಿ ಮಾಡುತ್ತಾರೆ. ಒಂದರ ಬ್ಲಾಕ್ ಇನ್ನೊಂದಕ್ಕೆ ಕೂರುವುದಿಲ್ಲ. ಕಾರ್ಡಿನ ಪೂರ್ತಿ ಮಾಡೆಲ್ ನಂಬರ್ ಹಿಡಿದೇ ಬ್ಲಾಕ್ ಹುಡುಕಬೇಕು. ಜೊತೆಗೆ ವಾರಂಟಿ. ಕಾರ್ಡಿನ ಮೂಲ ಫ್ಯಾನ್ ಬಿಚ್ಚಿದರೆ ವಾರಂಟಿ ಉಳಿಯುತ್ತದೆಯೇ ಎಂದು ಕಂಪನಿಗೆ ಇ-ಮೇಲ್ ಹಾಕಿ, ಉತ್ತರವನ್ನು ಜೋಪಾನ ಮಾಡಿ. ಅಂಗಡಿಯವರ ಬಾಯಿಮಾತು ಆಮೇಲೆ ಉಪಯೋಗಕ್ಕೆ ಬಾರದು. ನಮಗೆ ಬಂದ ಉತ್ತರ 'ಉಳಿಯಲ್ಲ'. ಅರವತ್ತು ಸಾವಿರದ ಕಾರ್ಡ್, ಇನ್ನೂ ಹದಿನಾಲ್ಕು ತಿಂಗಳ ವಾರಂಟಿ ಬಾಕಿ. ಸದ್ಯಕ್ಕೆ ಕಾರ್ಡ್ ತಂಟೆಗೆ ಹೋಗಬೇಡ, ಪ್ರೊಸೆಸರ್‌ಗೆ ಮಾತ್ರ ಮಾಡು, ರೇಡಿಯೇಟರ್ ಮಾತ್ರ 360ನ್ನೇ ಹಾಕು, ಮುಂದೆ ಕಾರ್ಡನ್ನು ಸೇರಿಸಿಕೊಳ್ಳಬಹುದು ಎಂದೆ. ಎರಡು ದಿನ ಮುಖ ಊದಿಸಿಕೊಂಡಿದ್ದ. ಉಳಿದ ಹದಿನೈದು ಸಾವಿರ ಇದೇ.

ಹುಣಸೆಹಣ್ಣಿನ ಪಾಠ

ಪಟ್ಟಿಯಲ್ಲಿ ಇನ್ನೊಂದು ಸಾಲು ನನ್ನ ಕಣ್ಣಿಗೆ ಬಿತ್ತು. ಎಲ್ಲಾ ರೇಡಿಯೇಟರ್‌ಗಳೂ ಐದಾರು ಸಾವಿರ ಇರುವಾಗ ಒಂದು ಮಾತ್ರ ಎರಡೂವರೆ ಸಾವಿರಕ್ಕೆ! "ಯಾಕೋ ಇಷ್ಟು ಅಗ್ಗ?" ಅಂದೆ. ಹುಡುಕಿ ನೋಡಿದರೆ ಅದು ಅಲ್ಯೂಮಿನಿಯಂನದ್ದು. ಬ್ಲಾಕ್ ತಾಮ್ರದ್ದು.

ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಣಸೆಹುಳಿ ಕುದಿಸಬೇಡಿ ಅಂತ ಹಿರಿಯರು ಹೇಳುವುದನ್ನು ಕೇಳಿದ್ದೇವೆ. ಲೋಹಗಳ ಸ್ವಭಾವ ನಮಗೆ ಅಡುಗೆಮನೆಯಲ್ಲೇ ಪರಿಚಯ. ತಾಮ್ರ, ಅಲ್ಯೂಮಿನಿಯಂ ಎರಡೂ ಒಂದೇ ನೀರಿನಲ್ಲಿದ್ದರೆ ಅದೊಂದು ಸಣ್ಣ ಬ್ಯಾಟರಿಯಂತಾಗಿ, ಅಲ್ಯೂಮಿನಿಯಂ ಸವೆಯುತ್ತಾ ಹೋಗುತ್ತದೆ. ಕರಗಿದ ಚೂರು ಬ್ಲಾಕ್‌ನ ಗೀರುಗಳಲ್ಲಿ ಕಟ್ಟಿಕೊಳ್ಳುತ್ತದೆ, ಕೊನೆಗೆ ತೂತೂ ಬೀಳಬಹುದು. ತಾಮ್ರ, ಹಿತ್ತಾಳೆ, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿದ ಹಾಗೆ ನಿಕಲ್ ಲೇಪಿಸಿದ ಭಾಗಗಳು, ಇವು ಒಟ್ಟಿಗೆ ಇರಬಹುದು. ಅಲ್ಯೂಮಿನಿಯಂ ಬೇಡವೇ ಬೇಡ.

ನೀರೂ ಅಷ್ಟೆ. ನಲ್ಲಿ ನೀರು, ಬೋರ್‌ವೆಲ್ ನೀರು ಹಾಕಿದರೆ ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರ ಇಲ್ಲೂ ಕಟ್ಟುತ್ತದೆ. ಆರ್‌ಒ ನೀರಿನಲ್ಲೂ ಸ್ವಲ್ಪ ಲವಣ ಉಳಿದಿರುತ್ತದೆ. ಡಿಸ್ಟಿಲ್ಡ್ ವಾಟರ್‌ಗೆ ತುಕ್ಕು, ಪಾಚಿ ತಡೆಯುವ ದ್ರಾವಣ ಬೆರೆಸಬೇಕು. ಮೊದಲ ಸಲಕ್ಕೆ ಸಿದ್ಧ ಕೂಲೆಂಟ್ ತಗೊಳ್ಳೋದೇ ಸುಲಭ. ಮಿನುಗುವ, ಹಾಲಿನಂಥ ಕೂಲೆಂಟ್‌ಗಳು ನೋಡಲು ಚೆಂದ, ಆದರೆ ಅದರ ಕಣಗಳು ತಳದಲ್ಲಿ ಕೂರುತ್ತವೆ. ಬಣ್ಣವಿಲ್ಲದ್ದೇ ವಾಸಿ.

ಕೊಳವೆ ಮೆತ್ತನೆಯದು ಇರಲಿ. ಗಾಜಿನಂತೆ ಕಾಣುವ ಗಟ್ಟಿ ಕೊಳವೆಯನ್ನು ಕಾಯಿಸಿ ಬಗ್ಗಿಸಬೇಕು, ಕೈ ಪಳಗುವವರೆಗೆ ಹಾಳಾಗುವುದೇ ಹೆಚ್ಚು. ಕೊಳವೆಗೂ ಅದನ್ನು ಹಿಡಿಯುವ ಫಿಟ್ಟಿಂಗ್‌ಗೂ ಅಳತೆ ಒಂದೇ ಇರಬೇಕು. 10/13 ಕೊಳವೆಗೆ 10/16 ಫಿಟ್ಟಿಂಗ್ ತಂದರೆ, 2.4 ಬಳೆ ತೊಡುವ ಕೈಗೆ 2.8 ತಂದ ಹಾಗೆ. ನೋಡಲು ಚಿಕ್ಕ ಸಾಮಾನು, ದುಡ್ಡು ನುಂಗುವುದು ಇದೇ. ಬ್ಲಾಕ್‌ಗೆ ಎರಡು, ರೇಡಿಯೇಟರ್‌ಗೆ ಎರಡು, ಪಂಪ್-ಟ್ಯಾಂಕ್‌ಗೆ ಎರಡು, ಮೇಲೆ ಎರಡು ಹೆಚ್ಚಿಗೆ. ಒಂದಕ್ಕೆ 450 ರೂಪಾಯಿಯಂತೆ ಎಂಟಕ್ಕೇ 3,600 ಆಯ್ತು. ನೀರು ಖಾಲಿ ಮಾಡಲು ಅತಿ ಕೆಳಗಿನ ಜಾಗದಲ್ಲಿ ಒಂದು ವಾಲ್ವ್ ಇರಲೇಬೇಕು. ಇದನ್ನು ಎಲ್ಲರೂ ಮರೆಯುತ್ತಾರೆ, ಆಮೇಲೆ ಇಡೀ ಕ್ಯಾಬಿನೆಟ್ ಬಗ್ಗಿಸಿ ನೀರು ಸುರಿಯುತ್ತಾರೆ. ಬ್ಲಾಕ್, ಪಂಪ್-ಟ್ಯಾಂಕ್, ರೇಡಿಯೇಟರ್, ಫ್ಯಾನ್, ಕೊರಿಯರ್ ಎಲ್ಲಾ ಸೇರಿ ನಮ್ಮ ಪಟ್ಟಿ ನಿಂತದ್ದು 35 ಸಾವಿರಕ್ಕೆ.

ಒಂದು ದಿನ ಪೂರ್ತಿ ಕಾಯಿರಿ

ಜೋಡಿಸಿದ ತಕ್ಷಣ ಕಂಪ್ಯೂಟರ್ ಆನ್ ಮಾಡಲು ಬಿಡಬೇಡಿ. ಇದೊಂದು ವಿಷಯದಲ್ಲಿ ಗದರಿದರೂ ತಪ್ಪಿಲ್ಲ. ಮದರ್‌ಬೋರ್ಡ್, ಕಾರ್ಡ್ ಎಲ್ಲದರ ವೈರ್ ಕಿತ್ತು, ಪಂಪ್‌ಗೆ ಮಾತ್ರ ಕರೆಂಟ್ ಕೊಟ್ಟು 24 ಗಂಟೆ ನೀರು ಸುತ್ತಿಸಬೇಕು. ಪವರ್ ಸಪ್ಲೈ ಒಂದನ್ನೇ ಚಾಲೂ ಮಾಡಲು '24 ಪಿನ್ ಜಂಪರ್' ಎಂಬ ಸಣ್ಣ ಸಾಮಾನು ಸಿಗುತ್ತದೆ. ಪ್ರತಿ ಜಾಯಿಂಟ್ ಕೆಳಗೂ ಟಿಶ್ಯೂ ಪೇಪರ್ ಹಾಸಿ. ನೀರು ತುಂಬಿಸುವಾಗ ಪ್ಲಗ್ ಕಿತ್ತಿರಲಿ. ಪಂಪ್ ಒಣಗಿದಂತೆ ಓಡಬಾರದು, ಕೆಟ್ಟುಹೋಗುತ್ತೆ. ಟ್ಯಾಂಕ್ ತುಂಬಿಸಿ ಕ್ಷಣ ಓಡಿಸಿ, ನಿಲ್ಲಿಸಿ, ಮತ್ತೆ ತುಂಬಿಸಿ, ಹೀಗೇ ಗಾಳಿಗುಳ್ಳೆ ಹೋಗುವವರೆಗೆ.

ಅತಿಯಾಯಿತು ಅನಿಸುತ್ತದೆಯೇ? 2004ರಲ್ಲಿ ಆಪಲ್ ಕಂಪನಿ ನೀರಿನಿಂದ ತಣಿಸುವ ಪವರ್ ಮ್ಯಾಕ್ ಜಿ5 ಮಾರಿತ್ತು. ಕಾರ್ಖಾನೆಯಲ್ಲೇ ಜೋಡಿಸಿದ ಆ ಯಂತ್ರಗಳಲ್ಲೂ ಕೆಲವು ಆಮೇಲೆ ಸೋರಿದವು. ಇನ್ನು ನಮ್ಮ ಹಾಲ್‌ನಲ್ಲಿ ಕೂತು ಜೋಡಿಸಿದ್ದು?

ಸೋರಿತು. ಬೆಳಿಗ್ಗೆ ಐದೂವರೆಗೆ ಹಾಲು ತಗೊಳ್ಳಲು ಎದ್ದವಳು ಟಾರ್ಚ್ ಹಾಕಿ ನೋಡಿದರೆ ರೇಡಿಯೇಟರ್ ಕೆಳಗಿನ ಟಿಶ್ಯೂ ಮೇಲೆ ರೂಪಾಯಿ ಅಗಲದ ಒದ್ದೆ. ಫಿಟ್ಟಿಂಗ್ ಬಿಚ್ಚಿ ನೋಡಿದಾಗ ಒಳಗಿನ ರಬ್ಬರ್ ರಿಂಗ್ ತಿರುಚಿಕೊಂಡಿತ್ತು. ಕುಕ್ಕರ್ ಗ್ಯಾಸ್ಕೆಟ್ ಸರಿಯಾಗಿ ಕೂರದಿದ್ದರೆ ಆವಿ ಹೋಗುತ್ತಲ್ಲ, ಅದೇ ಕಥೆ. ರಿಂಗ್ ಬದಲಿಸಿ ಕೈಯಲ್ಲೇ ಬಿಗಿಮಾಡಿದ. ಸ್ಪ್ಯಾನರ್ ಹಾಕಿ ತಿರುಗಿಸಿದರೆ ಅಕ್ರಿಲಿಕ್ ಬಿರುಕು ಬಿಡುತ್ತದೆ. ಮತ್ತೆ ಮೊದಲಿಂದ 24 ಗಂಟೆ. ಕರೆಂಟ್ ಕೊಟ್ಟಿದ್ದರೆ ಆ ಹನಿ ಎಲ್ಲಿಗೆ ಹೋಗುತ್ತಿತ್ತೋ ಎಂದು ಅವನ ಮುಖವೇ ಹೇಳುತ್ತಿತ್ತು.

ಕೂಲೆಂಟನ್ನು ವರ್ಷಕ್ಕೊಮ್ಮೆ ಬದಲಿಸಬೇಕು. ನಾವು ಆಯುಧಪೂಜೆಯ ಹಿಂದಿನ ಭಾನುವಾರ ಎಂದು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದೇವೆ. ಕುಂಕುಮ, ಹೂವು ಹೊರಗಿನ ಕ್ಯಾಬಿನೆಟ್‌ಗೆ ಮಾತ್ರ, ಫ್ಯಾನ್ ಜಾಲರಿಯಿಂದ ದೂರ.

ಕೊನೆಗೊಂದು ಎಚ್ಚರಿಕೆ, ಮಕ್ಕಳಿರುವ ಮನೆಯವರಿಗೆ. ಕೂಲೆಂಟ್ ಬಾಟಲಿ ನೋಡಲು ಥೇಟ್ ಶರಬತ್ತು. ಕೆಲವದರಲ್ಲಿ ಗ್ಲೈಕಾಲ್ ಇರುತ್ತದೆ. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ನಮ್ಮವನು ಉಳಿದದ್ದನ್ನು ತಂಪುಪಾನೀಯದ ಖಾಲಿ ಬಾಟಲಿಗೆ ಸುರಿದು ಅಡುಗೆಮನೆ ಕಟ್ಟೆ ಮೇಲೆ ಇಟ್ಟಿದ್ದ! ಅದರ ಸ್ವಂತ ಬಾಟಲಿಯಲ್ಲೇ, ಲೇಬಲ್ ಕಾಣುವಂತೆ, ಅಟ್ಟದ ಮೇಲೆ ಬೀಗದ ಪೆಟ್ಟಿಗೆಯಲ್ಲಿಡಿ. ತೆಗೆದ ಹಳೇದನ್ನು ತುಳಸಿ ಕಟ್ಟೆಗೋ ಹೂಕುಂಡಕ್ಕೋ ಸುರಿಯಬೇಡಿ, ನಾಯಿ ಬೆಕ್ಕು ನೆಕ್ಕುವ ಕಡೆಯಂತೂ ಬೇಡವೇ ಬೇಡ.

ಅಂದಹಾಗೆ ನನ್ನಿಂದ ಹೋದದ್ದು ಐದು ಸಾವಿರ. ತಿಂಗಳಿಗೆ ಸಾವಿರದಂತೆ ಎರಡು ಕಂತು ಬಂದಿದೆ, ಮೂರು ಬಾಕಿ.